ಊರೊಳಗಿನ ಹಳ್ಳದಲ್ಲಿ ಗಾಳ ಹಾಕುವುದು: ಜಾಗ ನೋಡುವುದರಿಂದ ಮೀನು ಬಿಡುವವರೆಗೆ

ನಗರದ ನಡುವೆ ಹರಿಯುವ ಹಳ್ಳ ಹೆಚ್ಚೆಂದರೆ ನಾಲ್ಕೈದು ಮೀಟರ್ ಅಗಲ. ಬಹುಪಾಲು ಕಡೆ ನೀರು ಮೊಣಕಾಲು ಮುಟ್ಟುವುದಿಲ್ಲ. ಇಂಥ ಕಡೆ ದುಬಾರಿ ರಾಡು ಬೇಕಿಲ್ಲ, ದೂರ ಎಸೆಯುವ ಕಸರತ್ತೂ ಬೇಕಿಲ್ಲ. ಮೀನಿಗೆ ಸುಳಿವು ಕೊಡದೆ ಮಡುವಿನ ಹತ್ತಿರ ಹೋಗಿ, ಮೊದಲ ಸಲವೇ ಸರಿಯಾದ ಜಾಗಕ್ಕೆ ಎರೆ ಇಳಿಸಲು ಬಂದರೆ ಸಾಕು. ದೊಡ್ಡ ಕೆರೆಯಲ್ಲಿ ನಾಲ್ಕು ಎಸೆತ ತಪ್ಪಿದರೂ ಐದನೆಯದಕ್ಕೆ ಮೀನು ಬರಬಹುದು. ಎರಡು ಮೂರು ಮೀಟರ್ ಉದ್ದದ ಮಡುವಿನಲ್ಲಿ ಮೀನು ಒಮ್ಮೆ ಬೆದರಿತೆಂದರೆ ಬಹಳ ಹೊತ್ತು ಎರೆಯ ಹತ್ತಿರ ಸುಳಿಯುವುದಿಲ್ಲ. ಮುಂದೆ ಹೇಳುವುದೆಲ್ಲ ಆ ಮೊದಲ ಎಸೆತದ ತಯಾರಿ.

ಗಾಳ ಹಿಡಿಯದೆ ಮೊದಲ ಸುತ್ತು

ಫೋನಿನ ನಕ್ಷೆಯಲ್ಲಿ ಉಪಗ್ರಹ ಚಿತ್ರ ತೆರೆದು ಹಳ್ಳವನ್ನು ಮೇಲಿನಿಂದ ಕೆಳಗಿನವರೆಗೆ ಹಿಂಬಾಲಿಸಿ. ಸೇತುವೆಗಳು, ರಸ್ತೆ ಕೆಳಗಿನ ಮೋರಿಗಳು, ಚೂಪಾದ ತಿರುವುಗಳು, ಇನ್ನೊಂದು ಹಳ್ಳ ಬಂದು ಸೇರುವ ಜಾಗಗಳು, ದಂಡೆಗೆ ಮರದ ನೆರಳಿರುವ ಭಾಗಗಳು ಕಂಡಲ್ಲೆಲ್ಲ ಗುರುತು ಹಾಕಿಕೊಳ್ಳಿ. ಆ ಜಾಗ ಯಾರದ್ದು, ಅಲ್ಲಿ ಗಾಳ ಹಾಕಲು ಅನುಮತಿ ಇದೆಯೇ, ಪರವಾನಗಿ ಬೇಕೇ, ಯಾವ ತಿಂಗಳು ನಿಷೇಧ, ಎಷ್ಟು ಉದ್ದದ ಮೀನು ಹಿಡಿಯಬಾರದು ಎಂಬುದನ್ನು ಅಲ್ಲಿನ ಮೀನುಗಾರಿಕೆ ಇಲಾಖೆಯಲ್ಲೂ ನಗರಾಡಳಿತದಲ್ಲೂ ಮೊದಲೇ ವಿಚಾರಿಸಿ. ನಗರದ ಹಳ್ಳ ಒಂದೇ ಕಿಲೋಮೀಟರಿನೊಳಗೆ ಉದ್ಯಾನ, ಖಾಸಗಿ ಜಾಗ, ರೈಲ್ವೆ ಜಾಗ ಮೂರನ್ನೂ ದಾಟಬಹುದು. ನಿಯಮ ಒಂದೊಂದು ಕಡೆ ಒಂದೊಂದು.

ಆಮೇಲೆ ಬರಿಗೈಯಲ್ಲಿ ದಂಡೆಗುಂಟ ನಡೆಯಿರಿ. ನೋಡಬೇಕಾದ್ದು ನೀರಿನ ಆರೋಗ್ಯ. ಕೊಳೆತ ಮೊಟ್ಟೆಯ ವಾಸನೆ ಬಂದರೆ ತಳದ ಕೆಸರಿನಲ್ಲಿ ಆಮ್ಲಜನಕ ಮುಗಿದಿದೆ ಎಂದರ್ಥ. ಕಲ್ಲುಗಳಿಗೆ ಬೂದು ಬಣ್ಣದ, ನೆನೆದ ಹತ್ತಿಯಂಥ ಲೋಳೆ ಅಂಟಿದ್ದರೆ ಮೇಲೆಲ್ಲೋ ಒಳಚರಂಡಿ ನೀರು ಸೇರುತ್ತಿದೆ. ಎರಡರಲ್ಲಿ ಯಾವುದು ಕಂಡರೂ ಆ ಭಾಗ ಬಿಟ್ಟುಬಿಡಿ.

ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡರೆ ಅದು ಎಣ್ಣೆಯೇ ಎಂದು ತೀರ್ಮಾನಿಸಬೇಡಿ. ಕಡ್ಡಿಯಿಂದ ಕದಡಿ ನೋಡಿ. ಪೊರೆ ಚೂರುಚೂರಾಗಿ ಒಡೆದು ಹಾಗೇ ನಿಂತರೆ ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ ಕೆಲಸ, ಅದರಿಂದ ತೊಂದರೆ ಇಲ್ಲ. ಕದಡಿದ ಕೂಡಲೇ ಮತ್ತೆ ಒಂದಾಗಿ ಹರಡಿಕೊಂಡರೆ ಡೀಸೆಲ್ಲೋ ಎಂಜಿನ್ ಎಣ್ಣೆಯೋ ಬೆರೆತಿದೆ.

ಅಂಗೈ ಅಗಲದ ಕಲ್ಲೊಂದನ್ನು ನೀರಿನಿಂದೆತ್ತಿ ಅಡಿಭಾಗ ನೋಡಿ. ಬದಿಗಳಲ್ಲಿ ಕಿವಿರು ಬಡಿಯುತ್ತಾ, ಮೂರು ಬಾಲದೆಳೆ ಚಾಚಿಕೊಂಡು ಓಡುವ ಚಪ್ಪಟೆ ಹುಳಗಳಿದ್ದರೆ ನೀರು ಚೆನ್ನಾಗಿದೆ. ಕೊಡತಿ ಹುಳದ ಮರಿ, ಸಿಗಡಿ ಇದ್ದರೆ ಪರವಾಗಿಲ್ಲ. ಬರೀ ಕೆಂಪು ದಾರದಂಥ ಹುಳಗಳೇ ಇದ್ದರೆ ಆಮ್ಲಜನಕ ತೀರ ಕಡಿಮೆ. ನಮ್ಮ ರಕ್ತದಲ್ಲಿರುವಂತೆ ಅವುಗಳ ಮೈಯಲ್ಲೂ ಹಿಮೋಗ್ಲೋಬಿನ್ ಇರುವುದರಿಂದ ಅಂಥ ನೀರಿನಲ್ಲೂ ಅವು ಬದುಕುತ್ತವೆ. ಕೊರವ ಮತ್ತು ಕೆಲವು ಜಾತಿಯ ಮೀಸೆಮೀನುಗಳು ಮೇಲೆ ಬಂದು ಗಾಳಿ ನುಂಗಬಲ್ಲವು, ಹಾಗಾಗಿ ಅವು ಕಂಡವೆಂದು ನೀರು ಶುದ್ಧ ಎಂದುಕೊಳ್ಳಬಾರದು.

ನೀರು ಏರುವ ರೀತಿ

ಇದನ್ನು ಕೊನೆಗೆ ಹೇಳುವ ವಾಡಿಕೆ ಉಂಟು, ಆದರೆ ಸಾಮಾನಿನ ಮಾತಿಗೂ ಮೊದಲೇ ತಿಳಿದಿರಬೇಕು. ಕಾಡಿನ ತೊರೆಗೆ ಮಳೆನೀರು ಮಣ್ಣಿನ ಮೂಲಕ ಇಳಿದು ಬರುತ್ತದೆ. ನಗರದಲ್ಲಿ ಡಾಂಬರು, ಕಾಂಕ್ರೀಟು, ತಾರಸಿಗಳ ಮೇಲೆ ಬಿದ್ದ ನೀರು ನೇರ ಪೈಪಿಗೆ, ಪೈಪಿನಿಂದ ಹಳ್ಳಕ್ಕೆ. ಹಾಗಾಗಿ ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲ್ಭಾಗದಲ್ಲಿ ಜೋರು ಮಳೆಯಾದರೆ ನಿಮಿಷಗಳಲ್ಲಿ ಮೊಣಕಾಲುದ್ದದ ನೀರು ಎದೆ ಮಟ್ಟಕ್ಕೆ ಬರಬಹುದು. ತಿಳಿಯಾಗಿದ್ದ ನೀರು ಏಕಾಏಕಿ ಕೆಂಪಾಗುವುದು, ಒಣ ಎಲೆ, ಪ್ಲಾಸ್ಟಿಕ್ಕು, ನೊರೆ ಗುಂಪಾಗಿ ತೇಲಿಬರುವುದು, ಹರಿವಿನ ಸದ್ದು ದಪ್ಪವಾಗುವುದು ಇದರ ಮುನ್ಸೂಚನೆ. ಒಂದು ಕಂಡರೂ ಸಾಮಾನು ಬಿಟ್ಟು ದಂಡೆ ಹತ್ತಿ. ಮೋರಿಯ ಒಳಗೆ, ಎರಡೂ ಬದಿ ಕಾಂಕ್ರೀಟ್ ಗೋಡೆ ಇರುವ ಕಾಲುವೆಯೊಳಗೆ ಯಾವ ಕಾಲದಲ್ಲೂ ಇಳಿಯಬೇಡಿ. ಅಲ್ಲಿ ಹತ್ತಿ ಬರಲು ದಾರಿಯೇ ಇರುವುದಿಲ್ಲ.

ಜೋರು ಮಳೆಯ ಮೊದಲ ನೀರು ರಸ್ತೆಯ ಎಣ್ಣೆ, ಟೈರಿನ ಪುಡಿ, ಚರಂಡಿಯ ಕೊಳೆ ಎಲ್ಲವನ್ನೂ ಹೊತ್ತು ತರುತ್ತದೆ. ಎರಡು ಮೂರು ದಿನ ಕಾಯಿರಿ. ಮಟ್ಟ ಇಳಿದು, ನೀರು ಇನ್ನೂ ತುಸು ಮಬ್ಬಾಗಿರುವಾಗಲೇ ಗಾಳಕ್ಕೆ ಒಳ್ಳೆಯ ಸಮಯ. ಆಗ ಮೀನಿಗೆ ನೀವು ಕಾಣುವುದಿಲ್ಲ, ಎರೆ ಕಾಣುತ್ತದೆ.

ತಲೆ ಮೇಲೆ ವಿದ್ಯುತ್ ತಂತಿ ಇದೆಯೇ ನೋಡಿಕೊಂಡೇ ಕೋಲು ಬಿಚ್ಚಿ. ಕಾರ್ಬನ್ ಫೈಬರ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ, ಒದ್ದೆ ಬಿದಿರಿನಲ್ಲೂ ಹರಿಯಬಹುದು. ಇನ್ನು ಇಲಿ ಓಡಾಡುವ ಕಡೆಯ ನೀರಿನಿಂದ ಇಲಿಜ್ವರ ಬರುವುದು ಮುಖ್ಯವಾಗಿ ಚರ್ಮದ ಗಾಯದ ಮೂಲಕ. ಕೈಯಲ್ಲಿ ಗೀರಿದ್ದರೆ ನೀರು ಒಳಹೋಗದಂಥ ಪಟ್ಟಿ ಹಾಕಿ, ಏನಾದರೂ ತಿನ್ನುವ ಮೊದಲು ಸೋಪಿನಿಂದ ಕೈ ತೊಳೆಯಿರಿ.

ಮೀನು ಎಲ್ಲಿ ನಿಲ್ಲುತ್ತದೆ

ಹಳ್ಳದ ಮುಕ್ಕಾಲು ಭಾಗ ಖಾಲಿ. ಮೀನಿಗೆ ಆಳ, ಮರೆ, ಆಮ್ಲಜನಕ, ತೇಲಿಬರುವ ಆಹಾರ ಬೇಕು. ಇವುಗಳಲ್ಲಿ ಮೂರಾದರೂ ಕೂಡಿರುವ ಕಡೆ ಮೀನಿರುತ್ತದೆ.

ಮೊದಲು ನೋಡಬೇಕಾದ್ದು ಮೋರಿಯ ಬಾಯಿ. ಪೈಪಿನಿಂದ ಧುಮುಕುವ ನೀರು ಕೆಳಗಿನ ತಳವನ್ನು ಕೊರೆದು ಗುಂಡಿ ಮಾಡಿರುತ್ತದೆ. ಇಡೀ ಹಳ್ಳದಲ್ಲಿ ಅದೇ ಅತಿ ಆಳದ ಮಡು ಆಗಿರುವುದು ಸಾಮಾನ್ಯ. ಧುಮುಕುವ ನೀರಿಗೆ ಗಾಳಿ ಬೆರೆಯುವುದರಿಂದ ಬೇಸಿಗೆಯಲ್ಲೂ ಅಲ್ಲಿ ಉಸಿರಾಟಕ್ಕೆ ಕೊರತೆ ಇಲ್ಲ. ಮೀನು ನೊರೆಯ ಮಧ್ಯದಲ್ಲಿ ನಿಲ್ಲುವುದಿಲ್ಲ. ನೊರೆಯ ಎರಡೂ ಅಂಚಿನಲ್ಲಿ, ಓಡುವ ನೀರೂ ನಿಂತ ನೀರೂ ಉಜ್ಜಿಕೊಳ್ಳುವ ಗೆರೆಯ ಈಚೆ ನಿಂತು, ಆಚೆ ತೇಲಿಹೋಗುವುದನ್ನು ಹಿಡಿಯುತ್ತದೆ. ಆ ಗೆರೆ ಬರಿಗಣ್ಣಿಗೆ ಕಾಣದಿದ್ದರೆ ಒಂದು ಹಿಡಿ ಒಣ ಎಲೆ ಬಿಟ್ಟು ನೋಡಿ: ಕೆಲವು ಓಡುತ್ತವೆ, ಕೆಲವು ತಿರುಗುತ್ತಾ ಹಿಂದೆ ಬೀಳುತ್ತವೆ. ಅವು ಬೇರ್ಪಡುವ ಜಾಗವೇ ಗೆರೆ. ಇದನ್ನೂ ಮೊದಲ ಸುತ್ತಿನಲ್ಲೇ ಮಾಡಿ ಮುಗಿಸಬೇಕು, ಗಾಳ ಹಿಡಿದ ದಿನ ಅಲ್ಲ.

ತಿರುವಿನಲ್ಲಿ ನೀರು ಹೊರಗಿನ ದಂಡೆಗೆ ಗುದ್ದಿ ಅದರ ಬುಡ ಕೊರೆಯುತ್ತದೆ. ಬೇರುಗಳು ಇಳಿಬಿದ್ದ ಆ ಪೊಟರೆ ಮಧ್ಯಾಹ್ನದ ಮೀನಿನ ಮನೆ. ಸೇತುವೆಯ ನೆರಳು, ಬಿದ್ದ ಮರ, ದೊಡ್ಡ ಬಂಡೆಯ ಹಿಂಬದಿ ಕೂಡ ಹಾಗೆಯೇ. ಕಲ್ಲುಗಳ ಮೇಲೆ ಜುಳುಜುಳು ಹರಿಯುವ ತೆಳುನೀರಿನಲ್ಲಿ ಹಗಲು ಮೀನಿರುವುದಿಲ್ಲ. ಮುಸ್ಸಂಜೆ ಹೊತ್ತು ಅಲ್ಲಿಗೇ ಮೇಯಲು ಬರುತ್ತವೆ. ಉದ್ದಕ್ಕೂ ನಯವಾದ ಕಾಂಕ್ರೀಟ್ ತಳವಿರುವ ಭಾಗವನ್ನು ದಾಟಿ ಹೋಗಿ. ಆ ಕಾಂಕ್ರೀಟ್ ಮುಗಿದು ಮಣ್ಣು ಶುರುವಾಗುವ ಅಂಚಿನಲ್ಲಿ ಮಾತ್ರ ಮತ್ತೆ ಕೊರೆದ ಗುಂಡಿ ಇರುತ್ತದೆ, ಅದನ್ನು ಬಿಡಬೇಡಿ.

ನಿಂತ ಹಾಗಿರುವ, ಪಾಚಿ ತುಂಬಿದ ಭಾಗದಲ್ಲಿ ಆಮ್ಲಜನಕ ಅತಿ ಕಡಿಮೆ ಇರುವುದು ಬೆಳಗಿನ ಜಾವ, ಏಕೆಂದರೆ ಪಾಚಿ ರಾತ್ರಿಯಿಡೀ ಅದನ್ನು ಬಳಸಿರುತ್ತದೆ. ಅಲ್ಲಿ ಬೆಳಿಗ್ಗೆ ಮೀನುಗಳು ಮೇಲೆ ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದರೆ ಗಾಳ ಹಾಕಬೇಡಿ. ಹಿಡಿದು ಬಿಟ್ಟ ಮೀನು ಬದುಕುವುದಿಲ್ಲ.

ಕೋಲು, ದಾರ, ಕೊಕ್ಕೆ

ಇಕ್ಕಟ್ಟಾದ ಹಳ್ಳಕ್ಕೆ ದಾರ ಸುತ್ತುವ ರೀಲ್ ಇಲ್ಲದ ಕೋಲೇ ಮೇಲು. ಎರೆಯನ್ನು ಎಸೆಯುವ ಬದಲು ಇಳಿಸಬಹುದು, ಸದ್ದಾಗುವುದಿಲ್ಲ. ಮೂರರಿಂದ ನಾಲ್ಕು ಮೀಟರ್ ಉದ್ದದ ಬಿದಿರು ಅಥವಾ ಒಂದರೊಳಗೊಂದು ಸೇರುವ ಟೆಲಿಸ್ಕೋಪಿಕ್ ಕೋಲು ಸಾಕು. ದಾರ ಕೋಲಿಗಿಂತ 30 ಸೆಂ.ಮೀ. ಗಿಡ್ಡ ಇರಲಿ, ಕೋಲು ನೆಟ್ಟಗೆ ಎತ್ತಿದಾಗ ಕೊಕ್ಕೆ ಎದೆಯ ಹತ್ತಿರ ಕೈಗೆ ಬರುತ್ತದೆ. ಬಿದಿರಾದರೆ ದಾರವನ್ನು ತುದಿಗೆ ಮಾತ್ರ ಕಟ್ಟಬೇಡಿ. ತುದಿಯಿಂದ ಅರ್ಧ ಮೀಟರ್ ಕೆಳಗೆ ಮೊದಲು ಗಂಟು ಹಾಕಿ, ಅಲ್ಲಿಂದ ಕೋಲಿಗೆ ಸುತ್ತುತ್ತಾ ತುದಿಗೆ ತಂದು ಅಲ್ಲಿ ಎರಡನೇ ಗಂಟು ಹಾಕಿ. ತುದಿ ಮುರಿದರೂ ಮೀನು ಕೈತಪ್ಪುವುದಿಲ್ಲ.

ಮುಖ್ಯ ದಾರ 0.18 ಮಿ.ಮೀ. ನೈಲಾನ್, ಸುಮಾರು ಎರಡು ಕಿಲೋ ಭಾರ ತಡೆಯುವಂಥದ್ದು. ಕೊಕ್ಕೆ ಕಟ್ಟುವ ಕೊನೆಯ 25 ಸೆಂ.ಮೀ. ಮಾತ್ರ 0.14 ಮಿ.ಮೀ. ಇರಲಿ. ಕೊಕ್ಕೆ ಬೇರಿಗೆ ಸಿಕ್ಕಿಕೊಂಡು ಎಳೆಯಬೇಕಾದಾಗ ಈ ತೆಳು ತುಂಡು ಮಾತ್ರ ಹರಿಯುತ್ತದೆ. ನೀರಿನ ಮೇಲೆ ತೇಲುವ ಬೆಂಡು, ದಾರಕ್ಕೆ ಸಿಕ್ಕಿಸಿದ ಭಾರದ ಗುಂಡು ಉಳಿಯುತ್ತವೆ, ನೀರಿನಲ್ಲಿ ಉದ್ದ ದಾರವೂ ಬಿಟ್ಟುಹೋಗುವುದಿಲ್ಲ.

ಕೊಕ್ಕೆಯ ಅಳತೆಯಲ್ಲಿ ಸಂಖ್ಯೆ ಹೆಚ್ಚಾದಷ್ಟು ಕೊಕ್ಕೆ ಸಣ್ಣದು. ಬೆರಳುದ್ದದ ಮೀನಿಗೂ ಜಿಲೇಬಿ ಮೀನಿಗೂ (ತಿಲಾಪಿಯಾ) 12 ಅಥವಾ 14, ಗೆಂಡೆ ಮತ್ತು ಮೀಸೆಮೀನಿಗೆ 6 ಅಥವಾ 8. ಹೊಸಬರು ಯಾವಾಗಲೂ ದೊಡ್ಡದನ್ನೇ ಆರಿಸುತ್ತಾರೆ, ಎರೆ ಮಾತ್ರ ಮಾಯವಾಗಿ ಮೀನು ಸಿಗದಿರಲು ಇದೇ ಮೊದಲ ಕಾರಣ. ಕೊಕ್ಕೆಯ ತುದಿಯಲ್ಲಿ ಹಿಮ್ಮುಖವಾಗಿ ನಿಂತ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಲಗಿಸಿಬಿಡಿ. ದಾರ ಸಡಿಲ ಬಿಡದಿದ್ದರೆ ಮೀನು ತಪ್ಪುವುದಿಲ್ಲ. ಬಿಡಿಸುವುದೂ ಸುಲಭ, ಮೀನಿನ ಬಾಯಿಯಿಂದಲೂ ನಿಮ್ಮ ಬೆರಳಿನಿಂದಲೂ.

ಗಂಟು ಹೀಗೆ: ದಾರದ ತುದಿಯನ್ನು ಕೊಕ್ಕೆಯ ಕಣ್ಣಿಗೆ ತೂರಿಸಿ, ಮುಖ್ಯ ದಾರಕ್ಕೆ ಐದಾರು ಸುತ್ತು ಸುತ್ತಿ. ಈಗ ಕಣ್ಣಿನ ಪಕ್ಕದಲ್ಲೇ ಒಂದು ಸಣ್ಣ ಕುಣಿಕೆ ಉಂಟಾಗಿರುತ್ತದೆ. ತುದಿಯನ್ನು ಅದರೊಳಗೆ ತೂರಿಸಿ, ಹಾಗೆ ತೂರಿಸಿದಾಗ ಉಂಟಾದ ದೊಡ್ಡ ಕುಣಿಕೆಯೊಳಗೂ ಒಮ್ಮೆ ತನ್ನಿ. ಬಿಗಿಯುವ ಮೊದಲು ನೀರು ಹಚ್ಚಿ. ಒಣ ನೈಲಾನ್ ಬಿಗಿಯುವಾಗ ಉಜ್ಜಿ ಬಿಸಿಯಾಗಿ ಅಲ್ಲೇ ಬಲಗುಂದುತ್ತದೆ. ಹರಿದ ದಾರದ ತುದಿ ಸುರುಳಿ ಸುರುಳಿಯಾಗಿ ಕಂಡರೆ ಗಂಟು ಜಾರಿದೆ, ನೆಟ್ಟಗಿದ್ದರೆ ದಾರವೇ ತುಂಡಾಗಿದೆ.

ಅರ್ಧದಿಂದ ಒಂದು ಗ್ರಾಂ ಹೊರುವ ತೆಳ್ಳನೆಯ ಕಡ್ಡಿ ಬೆಂಡನ್ನು ಎರಡು ಸಣ್ಣ ರಬ್ಬರ್ ಕೊಳವೆ ತುಂಡುಗಳಿಂದ ದಾರಕ್ಕೆ ಸಿಕ್ಕಿಸಿ. ಮೇಲೆ ಕೆಳಗೆ ಸರಿಸಲು ಬರಬೇಕು. ಗುಂಡುಗಳಲ್ಲಿ ದೊಡ್ಡ ಪಾಲು ಬೆಂಡಿಗೂ ಕೊಕ್ಕೆಗೂ ನಡುವಿನ ದಾರದಲ್ಲಿ ಮೂರನೇ ಎರಡರಷ್ಟು ಕೆಳಗೆ ಇರಲಿ, ಕೊನೆಯ ಪುಟ್ಟ ಗುಂಡು ಕೊಕ್ಕೆಯಿಂದ 15 ಸೆಂ.ಮೀ. ಮೇಲೆ. ಬೆಂಡಿನ ತುದಿ ನೀರಿನ ಮೇಲೆ ಒಂದು ಸೆಂ.ಮೀ.ಗಿಂತ ಹೆಚ್ಚು ಕಾಣುವಂತಿದ್ದರೆ ಇನ್ನೊಂದು ಗುಂಡು ಸೇರಿಸಿ. ಬೆಂಡು ಎಳೆಯಲು ಹೆಚ್ಚು ಬಲ ಬೇಕಾದರೆ ಮೀನು ಅನುಮಾನಗೊಂಡು ಎರೆ ಉಗುಳುತ್ತದೆ. ಸೀಸದ ಗುಂಡಿನ ಬದಲು ತವರದ್ದು ಸಿಕ್ಕರೆ ಅದನ್ನೇ ಬಳಸಿ. ಬಿದ್ದ ಸೀಸದ ಗುಂಡನ್ನು ನೀರುಹಕ್ಕಿಗಳು ಕಲ್ಲೆಂದು ನುಂಗಿ ವಿಷವೇರಿ ಸಾಯುತ್ತವೆ. ಹಂಸಗಳು ಹೀಗೆ ಸತ್ತದ್ದರಿಂದಲೇ ಬ್ರಿಟನ್ನಿನಲ್ಲಿ 1987ರಲ್ಲಿ ಸಣ್ಣ ಸೀಸದ ಗುಂಡುಗಳನ್ನು ನಿಷೇಧಿಸಿದರು.

ದಂಡೆ ತೆರೆದಿದ್ದು ಹಳ್ಳ ಅಗಲವಾಗಿದ್ದರೆ ಆರಡಿಯೊಳಗಿನ ಹಗುರ ರಾಡು, 1000 ಅಳತೆಯ ಸ್ಪಿನ್ನಿಂಗ್ ರೀಲ್, ಎರಡು ಮೂರು ಗ್ರಾಂ ತೂಕದ ಸ್ಪಿನ್ನರ್ (ಎಳೆದಾಗ ತಿರುಗುವ ತಗಡಿನ ಹುಸಿ ಎರೆ) ಹಿಡಿಯಬಹುದು. ರೀಲಿನ ಡ್ರ್ಯಾಗ್, ಅಂದರೆ ಮೀನು ಜಗ್ಗಿದಾಗ ದಾರ ಬಿಟ್ಟುಕೊಡುವ ತಡೆ, ಅದರ ಬಿಗಿ ದಾರದ ಬಲದ ಕಾಲುಭಾಗವಿರಲಿ. ಅರ್ಧ ಲೀಟರ್ ನೀರು ತುಂಬಿದ ಬಾಟಲಿಯನ್ನು ದಾರಕ್ಕೆ ಕಟ್ಟಿ ಎತ್ತಿದಾಗ ರೀಲು ನಿಧಾನಕ್ಕೆ ದಾರ ಬಿಟ್ಟುಕೊಟ್ಟರೆ ಎರಡು ಕಿಲೋ ದಾರಕ್ಕೆ ಸರಿಯಾಗಿದೆ.

ಎರೆ

ಎರೆಹುಳುವನ್ನು ಮೀರಿಸಿದ್ದು ಇಲ್ಲ. ಇಡೀ ಹುಳು ಬೇಡ. ಎರಡು ಮೂರು ಸೆಂ.ಮೀ. ತುಂಡಿಗೆ ಕೊಕ್ಕೆ ಎರಡು ಕಡೆ ಚುಚ್ಚಿ, ಒಂದು ಸೆಂ.ಮೀ. ಬಾಲ ಅಲುಗಾಡಲು ಬಿಡಿ. ಹಿಟ್ಟಿನ ಎರೆಗೆ ಒಂದು ಬಟ್ಟಲು ಗೋಧಿಹಿಟ್ಟಿಗೆ ಸ್ವಲ್ಪಸ್ವಲ್ಪವೇ ನೀರು ಹಾಕಿ, ಬೆರಳಿಗೆ ಅಂಟದಷ್ಟು ಗಟ್ಟಿಯಾಗಿ ನಾದಿ. ನಾದುವಾಗಲೇ ಒಂದು ಚಿಟಿಕೆ ಹತ್ತಿಯ ಎಳೆ ಬಿಡಿಸಿ ಸೇರಿಸಿದರೆ ಹರಿಯುವ ನೀರಿನಲ್ಲೂ ಉಂಡೆ ಕರಗದೆ ಕೊಕ್ಕೆ ಹಿಡಿದುಕೊಳ್ಳುತ್ತದೆ. ಒದ್ದೆ ಬಟ್ಟೆ ಮುಚ್ಚಿ ಇಪ್ಪತ್ತು ನಿಮಿಷ ಬಿಟ್ಟು, ಬಟಾಣಿ ಗಾತ್ರದಲ್ಲಿ ಬಳಸಿ. ಕೊಕ್ಕೆಯ ಮೊನೆ ಹಿಟ್ಟಿನಲ್ಲಿ ಪೂರ್ತಿ ಹೂತುಹೋಗದಿರಲಿ. ಗೆಂಡೆಗೆ ಬೇಯಿಸಿದ ಜೋಳದ ಕಾಳೂ ಆಗುತ್ತದೆ.

ಮೀನು ಸೇರಿಸಲು ಹಿಟ್ಟು ಎರಚುವುದಾದರೆ ಒಂದು ಚಿಟಿಕೆ, ಅದೂ ಮಡುವಿನ ಮೇಲ್ಭಾಗದಲ್ಲಿ. ಹಿಡಿಗಟ್ಟಲೆ ಹಾಕಿದರೆ ಮೀನಿನ ಹೊಟ್ಟೆ ತುಂಬುತ್ತದೆ, ಮಿಕ್ಕಿದ್ದು ಕೊಳೆತು ಮಡುವಿನ ಆಮ್ಲಜನಕ ತಿನ್ನುತ್ತದೆ.

ಹತ್ತಿರ ಹೋಗುವುದು

ಮೀನು ಹರಿವಿಗೆ ಮುಖ ಮಾಡಿ ನಿಲ್ಲುತ್ತದೆ. ಆದ್ದರಿಂದ ಕೆಳಗಿನಿಂದ ಮೇಲಕ್ಕೆ, ಅದರ ಬೆನ್ನ ಹಿಂದಿನಿಂದ ಬನ್ನಿ. ನೀರಿನೊಳಗಿನಿಂದ ಮೇಲೆ ನೋಡುವ ಮೀನಿಗೆ ಹೊರಜಗತ್ತೆಲ್ಲ ಸುಮಾರು 97 ಡಿಗ್ರಿ ಅಗಲದ ಒಂದು ವೃತ್ತದೊಳಗೆ ಕಾಣುತ್ತದೆ. ನೀರಿನ ಮಟ್ಟದಿಂದ ಮೇಲಕ್ಕೆ ಹತ್ತು ಡಿಗ್ರಿಯೊಳಗೆ ಇರುವುದೆಲ್ಲ ಆ ವೃತ್ತದ ಅಂಚಿನಲ್ಲಿ ಚಪ್ಪಟೆಯಾಗಿ, ಮಸುಕಾಗಿ ಹೋಗಿರುತ್ತದೆ. ಲೆಕ್ಕ ಹಾಕಿದರೆ, ನೀರಿನ ಮಟ್ಟದಲ್ಲಿ ಕುಕ್ಕರಗಾಲಲ್ಲಿ ಕೂತವರ ತಲೆ ಒಂದು ಮೀಟರ್ ಎತ್ತರ, ಆರು ಮೀಟರ್ ದೂರದಲ್ಲಿದ್ದರೆ ಅವರು ಹೆಚ್ಚುಕಡಿಮೆ ಕಾಣುವುದಿಲ್ಲ. ನಿಂತವರಿಗೆ ಹತ್ತು ಮೀಟರ್ ಬೇಕು. ಒಂದೂವರೆ ಮೀಟರ್ ಎತ್ತರದ ಗೋಡೆ ಮೇಲೆ ನಿಂತರಂತೂ ಹದಿನೆಂಟು ಮೀಟರ್. ನಾಲ್ಕು ಮೀಟರ್ ಕೋಲಿನಿಂದ ಇಷ್ಟು ದೂರ ಸಾಧ್ಯವಿಲ್ಲ, ಹಾಗಾಗಿ ತಗ್ಗಿದ ದಂಡೆ ಹುಡುಕಿ ಕೂತುಕೊಳ್ಳಿ, ಬೆನ್ನಿಗೆ ಪೊದೆಯೋ ಮರವೋ ಇರಲಿ, ಮಂಕು ಬಣ್ಣದ ಬಟ್ಟೆ ಇರಲಿ. ನಿಮ್ಮ ನೆರಳಾಗಲಿ ಕೋಲಿನ ನೆರಳಾಗಲಿ ಮಡುವಿಗೆ ಬೀಳಬಾರದು.

ಮಾತಿಗಿಂತ ಹೆಜ್ಜೆ ಕೆಡುಕು. ಗಾಳಿಯಲ್ಲಿನ ಸದ್ದು ಬಹುಪಾಲು ನೀರಿನ ಮೇಲ್ಮೈಯಲ್ಲೇ ಪ್ರತಿಫಲಿಸಿ ಹೋಗುತ್ತದೆ, ದಂಡೆಯ ಮೇಲೆ ಇಟ್ಟ ಭಾರದ ಹೆಜ್ಜೆ ಮಾತ್ರ ನೆಲದ ಮೂಲಕ ನೇರ ನೀರಿಗಿಳಿಯುತ್ತದೆ. ಮೀನಿನ ಪಕ್ಕೆಯುದ್ದಕ್ಕೂ ಇರುವ ಸಂವೇದನಾ ಗೆರೆಗೆ ಅದು ತಟ್ಟನೆ ತಿಳಿಯುತ್ತದೆ. ಮಡುವಿಗೆ ಹತ್ತು ಹೆಜ್ಜೆ ಮುಂಚೆಯೇ ಎರೆ ಸಿಕ್ಕಿಸಿ, ಆಳವನ್ನು ಅಂದಾಜಿಗೆ ಹೊಂದಿಸಿ, ಬಂದು ಕೂತು ಐದು ನಿಮಿಷ ಸುಮ್ಮನಿರಿ.

ಆ ಐದು ನಿಮಿಷದಲ್ಲಿ ಒಂದು ವಿಷಯ ತೀರ್ಮಾನವಾಗಬೇಕು: ಮೀನು ಸಿಕ್ಕರೆ ಎಲ್ಲಿ ಹೊರಗೆ ತೆಗೆಯುವುದು? ಗೋಡೆ ಎತ್ತರವಿದ್ದು ಕೈಬಲೆಯ ಹಿಡಿ ಗಿಡ್ಡವಿದ್ದರೆ ಆ ಜಾಗದಲ್ಲಿ ಗಾಳ ಹಾಕಲೇಬೇಡಿ.

ಆಳ ಅಳೆಯಲು ಕೊಕ್ಕೆಗೆ ಒಂದು ಭಾರದ ಗುಂಡು ಸಿಕ್ಕಿಸಿ ಮಡುವಿನ ಬಾಲದ, ಅಂದರೆ ನೀರು ಹೊರಹೋಗುವ ತುದಿಯ, ಕಡೆ ಮೆಲ್ಲಗೆ ಇಳಿಸಿ. ಬೆಂಡು ಮುಳುಗಿದರೆ ಮೇಲೆ ಸರಿಸಿ, ಅಡ್ಡ ಮಲಗಿದರೆ ಕೆಳಗೆ. ಸಣ್ಣ ಮೀನಿಗೆ ಎರೆ ತಳದಿಂದ ಐದರಿಂದ ಹತ್ತು ಸೆಂ.ಮೀ. ಮೇಲಿರಲಿ. ಗೆಂಡೆಗೂ ಮೀಸೆಮೀನಿಗೂ ತಳ ಮುಟ್ಟಲಿ.

ಮೊದಲು ಮಡುವಿನ ಬಾಲ, ಆಮೇಲೆ ನಡು, ಕೊನೆಗೆ ನೀರು ಬಂದು ಬೀಳುವ ತಲೆ. ತಲೆಯಿಂದಲೇ ಶುರುಮಾಡಿದರೆ ಅಲ್ಲಿ ಸಿಕ್ಕ ಮೀನು ಒದ್ದಾಡುತ್ತಾ ಕೆಳಗೆ ಓಡಿ ಉಳಿದವನ್ನೆಲ್ಲ ಎಬ್ಬಿಸುತ್ತದೆ. ಎರೆಯನ್ನು ಮೀನಿನ ಮೇಲೆಯೇ ಹಾಕಬೇಡಿ. ಹರಿವಿನ ಮೇಲ್ಗಡೆ ಒಂದು ಮೀಟರ್ ದೂರದಲ್ಲಿ ಇಳಿಸಿ, ಹರಿವೇ ಅದನ್ನು ತಲುಪಿಸಲಿ. ಕೋಲಿನ ತುದಿ ಎತ್ತಿ ಹಿಡಿದು ಬೆಂಡಿನವರೆಗಿನ ದಾರ ನೀರಿಗೆ ತಾಗದಂತೆ ನೋಡಿಕೊಳ್ಳಿ. ದಾರ ನೀರಿನಲ್ಲಿ ಬಿದ್ದರೆ ಹರಿವು ಅದನ್ನು ಎಳೆದು ಬೆಂಡನ್ನು ಓಡಿಸುತ್ತದೆ, ಎರೆ ತೇಲಿಬರುವ ಕಸಕ್ಕಿಂತ ವೇಗವಾಗಿ ಹೋಗುತ್ತದೆ. ಪಳಗಿದ ಮೀನು ಅಂಥದ್ದನ್ನು ಮುಟ್ಟುವುದಿಲ್ಲ.

ಬೆಂಡು ಅಲುಗಿದಾಗ

ಸಣ್ಣಗೆ ಕುಟುಕಿದ ಹಾಗೆ ಅಲುಗಿದರೆ ಕಾಯಿರಿ, ಅದು ಮರಿಗಳ ಆಟ. ಬೆಂಡು ಓರೆಯಾಗಿ ಜಾರಿದರೆ, ಪೂರ್ತಿ ಮುಳುಗಿದರೆ, ಅಥವಾ ಹರಿವಿಗೆ ಎದುರಾಗಿ ಚಲಿಸಿದರೆ ಕೋಲು ಎತ್ತಿ. ಬೆಂಡು ಮುಳುಗುವ ಬದಲು ಮೇಲೆದ್ದು ಮಲಗಿದರೂ ಅದು ಮೀನೇ: ತಳದ ಎರೆಯನ್ನು ಬಾಯಲ್ಲಿ ಎತ್ತಿದಾಗ ಕೊನೆಯ ಗುಂಡಿನ ಭಾರವೂ ಜೊತೆಗೆ ಏಳುತ್ತದೆ. ಗೆಂಡೆ ಹೀಗೆ ಮಾಡುವುದು ಹೆಚ್ಚು. ಎತ್ತುವುದು ಮಣಿಕಟ್ಟಿನಿಂದ, ತುದಿ ಒಂದಡಿ ಏಳುವಷ್ಟು. ತೋಳಿನಿಂದ ಜಗ್ಗಿದರೆ ಮೀನು ತಪ್ಪಿದ ಸಲವೆಲ್ಲ ಕೊಕ್ಕೆ ಮರದಲ್ಲಿರುತ್ತದೆ.

ಸಿಕ್ಕ ಮೀನು ಬೇರಿನ ಕಡೆಗೇ ನುಗ್ಗುತ್ತದೆ. ಕೋಲನ್ನು ಎದುರು ಬದಿಗೆ ಬಾಗಿಸಿ ಅಡ್ಡಡ್ಡ ಎಳೆದರೆ ಅದರ ತಲೆ ತಿರುಗುತ್ತದೆ, ತಲೆ ತಿರುಗಿದ ಕಡೆಗೇ ಮೈ ಹೋಗುತ್ತದೆ. ಕೋಲಿನ ಮೊನೆ ಮೀನಿನತ್ತ ನೆಟ್ಟಗೆ ತೋರಬಾರದು. ಬಾಗುವ ಕೋಲೇ ದಾರವನ್ನು ಕಾಯುವುದು. ಇನ್ನೂರು ಗ್ರಾಂ ದಾಟಿದ ಮೀನನ್ನು ದಾರದಿಂದ ಎತ್ತಬೇಡಿ. ಕೈಬಲೆ ನೀರಿನಲ್ಲಿ ಮುಳುಗಿಸಿ ಹಿಡಿದು ಮೀನನ್ನು ಅದರ ಮೇಲೆ ತನ್ನಿ. ಬಲೆಯನ್ನು ಮೀನಿನ ಹಿಂದೆ ಓಡಿಸಿದರೆ ಕೊನೆಯ ಕ್ಷಣದಲ್ಲಿ ಅದು ತಪ್ಪಿಸಿಕೊಳ್ಳುತ್ತದೆ.

ಕೈಗೆ ಬಂದ ಮೇಲೆ

ಮುಟ್ಟುವ ಮೊದಲು ಕೈ ಒದ್ದೆ ಮಾಡಿ. ಒಣ ಕೈಗೆ ಮೀನಿನ ಮೈಯ ಲೋಳೆ ಅಂಟಿ ಬರುತ್ತದೆ, ಆ ಲೋಳೆಯೇ ಅದಕ್ಕೆ ಸೋಂಕಿನಿಂದ ರಕ್ಷಣೆ. ಸಾಧ್ಯವಾದರೆ ಮೀನು ನೀರಿನಲ್ಲಿರುವಾಗಲೇ ಉದ್ದ ಮೂತಿಯ ಇಕ್ಕಳದಿಂದ ಕೊಕ್ಕೆಯನ್ನು ಒಳಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳಿ ತೆಗೆಯಿರಿ. ಗಾಳಿಯಲ್ಲಿ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ಕೊಕ್ಕೆ ಗಂಟಲಿಗಿಳಿದಿದ್ದರೆ ಕೀಳಬೇಡಿ, ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ ಬಿಡಿ. ಕಿತ್ತ ಮೀನಿಗಿಂತ ಹೀಗೆ ಬಿಟ್ಟದ್ದು ಬದುಕುವ ಸಂಭವ ಹೆಚ್ಚು.

ಮೀಸೆಮೀನಿನ ಬೆನ್ನಿನ ರೆಕ್ಕೆಯಲ್ಲೂ ಕಿವಿರಿನ ಪಕ್ಕದ ರೆಕ್ಕೆಗಳಲ್ಲೂ ಗಟ್ಟಿ ಮುಳ್ಳುಗಳಿವೆ. ಚುಚ್ಚಿದರೆ ಗಾಯ ತೊಳೆದು, ತಾಳಬಲ್ಲಷ್ಟು ಬಿಸಿಯಾದ, ಸುಮಾರು 45 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಟ್ಟರೆ ನೋವು ಇಳಿಯುತ್ತದೆ. ಮುಳ್ಳಿನ ತುಂಡು ಒಳಗುಳಿದರೆ, ಊತ ಏರಿದರೆ ವೈದ್ಯರ ಬಳಿ ಹೋಗಿ. ಕೊಕ್ಕೆ ಕಣ್ಣಿನ ಹತ್ತಿರ ಅಥವಾ ಬೆರಳಿನ ಗೆಣ್ಣಿಗೆ ಚುಚ್ಚಿದ್ದರೆ ನೀವಾಗಿ ತೆಗೆಯಲೇಬೇಡಿ.

ತಿನ್ನುವ ಪ್ರಶ್ನೆಗೆ ನೇರ ಉತ್ತರ: ನಗರದ ಹಳ್ಳದ ಮೀನನ್ನು, ಅಲ್ಲಿನ ಆಡಳಿತ ಪರೀಕ್ಷಿಸಿ ಸುರಕ್ಷಿತವೆಂದು ಹೇಳದ ಹೊರತು, ತಿನ್ನಬೇಡಿ. ಪಾದರಸ ಮಾಂಸಖಂಡದಲ್ಲೇ ಸೇರಿರುತ್ತದೆ, ಬೇಯಿಸಿದರೂ ಹುರಿದರೂ ಹೋಗುವುದಿಲ್ಲ. ಕೈಗಾರಿಕೆಯ ಕೆಲವು ರಾಸಾಯನಿಕಗಳು ಕೊಬ್ಬಿನಲ್ಲಿ ಕೂಡಿಕೊಳ್ಳುತ್ತವೆ, ತಳದಲ್ಲಿ ಮೇಯುವ ಹಳೆಯ ದೊಡ್ಡ ಮೀನಿನಲ್ಲಿ ಅವು ಹೆಚ್ಚು.

ಎರೆ ಮುಟ್ಟದಿದ್ದರೆ

ಇಪ್ಪತ್ತು ನಿಮಿಷ ಏನೂ ಆಗದಿದ್ದರೆ ಎರೆ ಬದಲಿಸುವ ಮೊದಲು ಆಳ ಬದಲಿಸಿ, ಹತ್ತು ಹತ್ತು ಸೆಂ.ಮೀ. ಆದರೂ ಇಲ್ಲವೆಂದರೆ ಮುಂದಿನ ಮಡುವಿಗೆ ನಡೆಯಿರಿ. ಒಂದೇ ಕಡೆ ಮಧ್ಯಾಹ್ನವಿಡೀ ಕೂರುವುದು ಕೆರೆಯ ಅಭ್ಯಾಸ, ಹಳ್ಳಕ್ಕೆ ಹೊಂದುವುದಿಲ್ಲ. ಎರೆ ಪದೇ ಪದೇ ಖಾಲಿಯಾಗಿ ಬಂದರೆ ಕೊಕ್ಕೆಯನ್ನೂ ಹುಳುವಿನ ತುಂಡನ್ನೂ ಅರ್ಧಕ್ಕಿಳಿಸಿ. ಕೋಲು ಎತ್ತಿದಾಗ ಮೀನು ಒಂದು ಕ್ಷಣ ತೂಗಿ ಬಿಟ್ಟುಹೋದರೆ ಕೊಕ್ಕೆಯ ಮೊನೆಯನ್ನು ಉಗುರಿನ ಮೇಲೆ ಎಳೆದು ನೋಡಿ. ಗೀರದೆ ಜಾರಿದರೆ ಮೊಂಡಾಗಿದೆ, ಕಲ್ಲಿನ ತಳದಲ್ಲಿ ಬೇಗ ಹಾಗಾಗುತ್ತದೆ. ಮೀನು ಕಣ್ಣಿಗೆ ಕಾಣುತ್ತಿದ್ದೂ ಎರೆಯಿಂದ ದೂರ ಸರಿಯುತ್ತಿದ್ದರೆ ದಾರ ದಪ್ಪವಾಯಿತು, ಇಲ್ಲವೇ ನೀವು ಕಂಡಿರಿ.

ಹೊರಡುವಾಗ ಕತ್ತರಿಸಿದ ದಾರದ ಚೂರುಗಳನ್ನೆಲ್ಲ ಒಂದು ಬಾಟಲಿಗೆ ತುಂಬಿಕೊಳ್ಳಿ, ಬೇರೆಯವರು ಬಿಟ್ಟದ್ದನ್ನೂ. ನೈಲಾನ್ ಕೊಳೆಯುವುದಿಲ್ಲ, ಹಕ್ಕಿಯ ಕಾಲಿಗೆ ಸುತ್ತಿಕೊಂಡರೆ ಕಾಲೇ ಹೋಗುತ್ತದೆ. ಒಂದು ಹಳ್ಳದ ಮೀನನ್ನಾಗಲಿ ಮಿಕ್ಕ ಜೀವಂತ ಎರೆಯನ್ನಾಗಲಿ ಇನ್ನೊಂದು ನೀರಿಗೆ ಬಿಡಬೇಡಿ. ಕೈಬಲೆ, ಬೂಟು, ದಾರ ತೊಳೆದು, ಬಲೆಯ ಗಂಟುಗಳ ಒಳಗೂ ತೇವ ಉಳಿಯದಂತೆ ಬಿಸಿಲಲ್ಲಿ ಒಣಗಿಸಿಯೇ ಮುಂದಿನ ಹಳ್ಳಕ್ಕೆ ಒಯ್ಯಿರಿ. ಒದ್ದೆ ಬಲೆಯಲ್ಲಿ ಬಸವನಹುಳುವಿನ ಮೊಟ್ಟೆಯೂ ಕಳೆಯ ತುಂಡೂ ದಿನಗಟ್ಟಲೆ ಜೀವ ಹಿಡಿದಿರುತ್ತವೆ.